ಉಪಗೂಹನವೆಂದರೆ ಮನೆಯ ರೋಗವನ್ನು ಮುಚ್ಚಿಡುವುದಲ್ಲ

ತಂಪಾನೂರಿನ ರೈಲು ನಿಲ್ದಾಣದ ಹಿಂಬದಿಯ ಬಾಡಿಗೆ ಕೋಣೆಯೊಂದರಲ್ಲಿ ಕಳೆದ ವರ್ಷ ನಮ್ಮ ಸಮಾಜದ ವಿದ್ಯಾರ್ಥಿಯೊಬ್ಬ ಪ್ರಜ್ಞೆ ತಪ್ಪಿ ಬಿದ್ದಿದ್ದ. ತುಟಿ ನೀಲಿಗಟ್ಟಿತ್ತು, ಗಂಟಲಲ್ಲಿ ಗೊರಗೊರ ಸದ್ದು. ಜತೆಗಾರ 108ಕ್ಕೆ ಕರೆ ಮಾಡಿದ್ದರಿಂದ ಬದುಕಿದ. ಊರಿನಲ್ಲಿದ್ದ ತಂದೆಗೆ ಸುದ್ದಿ ಮುಟ್ಟಿಸಿದವನು ನಾನು. ಅವರು ಮೊದಲು ಕೇಳಿದ್ದು ಮಗನ ಸ್ಥಿತಿಯನ್ನಲ್ಲ, "ಬಸದಿಯವರಿಗೆ ತಿಳಿಯಿತೆ?" ಎಂದು.

ಆ ತಂದೆಯನ್ನು ನಾನು ದೂರುವುದಿಲ್ಲ. ಆ ಪ್ರಶ್ನೆಯನ್ನು ಅವರ ಬಾಯಿಗೆ ತುರುಕಿದವರು ನಾವು. ಸಪ್ತವ್ಯಸನ ತ್ಯಾಗವನ್ನು ಬಾಲ್ಯದಲ್ಲಿಯೇ ಬೋಧಿಸುವ ಸಮಾಜ, ಬೋಧಿಸಿದ ಮಾತ್ರಕ್ಕೆ ವ್ಯಸನವು ಮನೆಯೊಳಗೆ ಬಾರದೆಂದು ನಂಬಿ ಕುಳಿತಿದೆ. ಕೇಂದ್ರ ಸರ್ಕಾರಕ್ಕಾಗಿ ಏಮ್ಸ್ ನಡೆಸಿ 2019ರಲ್ಲಿ ಪ್ರಕಟವಾದ ಸಮೀಕ್ಷೆಯ ಪ್ರಕಾರ ದೇಶದಲ್ಲಿ ಸುಮಾರು 2.26 ಕೋಟಿ ಜನ ಅಫೀಮು, ಹೆರಾಯಿನ್, ನೋವುನಿವಾರಕ ಗುಳಿಗೆ ಮುಂತಾದ ಓಪಿಯಾಯ್ಡ್‌ಗಳನ್ನು ಬಳಸುತ್ತಾರೆ. ಅದರಲ್ಲಿ ನಮಗೆ ಮಾತ್ರ ವಿನಾಯಿತಿಯೆ? ಲೆಕ್ಕ ಪರಿಶೋಧಿಸುವವನಾಗಿ ಹೇಳುತ್ತೇನೆ: ಪುಸ್ತಕದಲ್ಲಿ ಬರೆಯದ ಮಾತ್ರಕ್ಕೆ ಸಾಲ ಇಲ್ಲವಾಗುವುದಿಲ್ಲ.

ಮುಚ್ಚಿಡುವುದನ್ನು ಸಮರ್ಥಿಸಲು ಹಿರಿಯರು ಉಪಗೂಹನವನ್ನು ಉದಾಹರಿಸುತ್ತಾರೆ. ಸಮ್ಯಗ್ದರ್ಶನದ ಎಂಟು ಅಂಗಗಳಲ್ಲಿ ಅದೊಂದು, ನಿಜ. ಆದರೆ ಅದರ ಬೆನ್ನಿಗೇ ಬರುವ ಅಂಗ ಸ್ಥಿತಿಕರಣ. ಜಾರುತ್ತಿರುವವನನ್ನು ಹಿಡಿದು ನಿಲ್ಲಿಸುವುದು. ವಾರಿಷೇಣ ಮುನಿಯು ಚಿತ್ತ ಚಲಿಸಿದ ಪುಷ್ಪಡಾಲನನ್ನು ಸಂಘದಿಂದ ಹೊರಗಟ್ಟಲಿಲ್ಲ; ಜತೆಯಲ್ಲಿ ನಡೆದು ಮರಳಿ ದಾರಿಗೆ ತಂದನು. ಸ್ಥಿತಿಕರಣವಿಲ್ಲದ ಉಪಗೂಹನ ಧರ್ಮವಲ್ಲ, ಬರಿಯ ಮಾನದ ಚಿಂತೆ.

ಹಿಡಿದು ನಿಲ್ಲಿಸಬೇಕಾದರೆ ಮೊದಲು ಗುರುತಿಸಬೇಕು. ಬೆಳಕು ಕಡಿಮೆಯಿದ್ದಾಗಲೂ ಸೂಜಿಮೊನೆಯಷ್ಟಾಗಿರುವ ಕಣ್ಣಿನ ಪಾಪೆ, ಹಗಲೆಲ್ಲ ತೂಕಡಿಕೆ, ಮಲಬದ್ಧತೆ, ಕಾರಣ ಹೇಳಲಾಗದ ಹಣದ ಖರ್ಚು. ವಸ್ತು ಸಿಗದ ದಿನ ಆಕಳಿಕೆ, ಮೂಗು ಸೋರುವಿಕೆ, ಮೈನವಿರು, ಭೇದಿ. ಪ್ರಾಣಾಪಾಯದ ಗುರುತು ಮೂರು: ಕಿರಿದಾದ ಪಾಪೆ, ಎಬ್ಬಿಸಿದರೂ ಏಳದ ಮಂಪರು, ನಿಧಾನವಾದ ಅಥವಾ ನಿಂತ ಉಸಿರು. ಅದು ನಿದ್ರೆಯ ಗೊರಕೆಯಲ್ಲ. ತಣ್ಣೀರೆರಚುವುದು, ಉಪ್ಪುನೀರು ಕುಡಿಸುವುದು, ಎಬ್ಬಿಸಿ ನಡೆಸುವುದು ಇವೆಲ್ಲ ಕಾಲಹರಣ. 108ಕ್ಕೆ ಕರೆ ಮಾಡಿ. ಉಸಿರಾಟ ಸಾಲದಿದ್ದರೆ ತಲೆಯನ್ನು ಹಿಂದಕ್ಕೆ ಬಾಗಿಸಿ, ಮೂಗು ಹಿಡಿದು, 5-6 ಸೆಕೆಂಡಿಗೊಮ್ಮೆ ಬಾಯಿಂದ ಬಾಯಿಗೆ ಉಸಿರು ಕೊಡಿ. ಉಸಿರಾಡುತ್ತಿದ್ದರೆ ಪಕ್ಕಕ್ಕೆ ಹೊರಳಿಸಿ ಮಲಗಿಸಿ. ಒಬ್ಬನನ್ನೇ ಬಿಟ್ಟು ಹೋಗಬೇಡಿ.

ಇದಕ್ಕೆ ಪ್ರತಿಮದ್ದು ನಲೋಕ್ಸೋನ್; ನಿಮಿಷಗಳಲ್ಲಿ ಉಸಿರನ್ನು ಮರಳಿಸುತ್ತದೆ. ಅದರ ಪರಿಣಾಮ ಇರುವುದು ಸುಮಾರು 30ರಿಂದ 90 ನಿಮಿಷ. ಆದ್ದರಿಂದ ಎಚ್ಚರವಾದರೂ ಆಸ್ಪತ್ರೆ ತಪ್ಪದು. ಕೇರಳದ ಪತ್ರಿಕೆಗಳಲ್ಲಿ ನಿತ್ಯ ಕಾಣುವ ಎಂಡಿಎಂಎ ಬೇರೆ ವರ್ಗದ್ದು, ಅದಕ್ಕೆ ಈ ಮದ್ದು ನಾಟದು. ಇನ್ನೊಂದು ಮಾತನ್ನು ತಂದೆತಾಯಿಗಳು ಮರೆಯಬಾರದು: ಕೆಲವು ವಾರ ಕೂಡಿಹಾಕಿ ಬಿಡಿಸಿದ ಮಗನ ದೇಹ ಹಳೆಯ ಪ್ರಮಾಣವನ್ನು ತಾಳಲಾರದು. ಚಿಕಿತ್ಸೆಯಿಲ್ಲದೆ ಹಿಂದಿರುಗಿದರೆ ಮೊದಲ ಸಲವೇ ಸಾವು ಬರಬಹುದು.

ವಿಶ್ವ ಆರೋಗ್ಯ ಸಂಸ್ಥೆಯು 2014ರಲ್ಲಿಯೇ ಬಳಕೆದಾರರ ಬಂಧುಮಿತ್ರರ ಕೈಗೆ ನಲೋಕ್ಸೋನ್ ಸಿಗಬೇಕೆಂದಿತು. ಅಮೆರಿಕದಲ್ಲಿ 2023ರಿಂದ ಅದರ ಮೂಗಿನ ಸ್ಪ್ರೇಯನ್ನು ವೈದ್ಯರ ಚೀಟಿಯಿಲ್ಲದೆ ಕೊಳ್ಳಬಹುದು. ನಮ್ಮಲ್ಲಿಯೋ, ಸರ್ಕಾರಗಳು ಬಂಧಿತರ ಸಂಖ್ಯೆಯನ್ನು ಸಾಧನೆಯೆಂದು ಸಾರುತ್ತವೆ. ಬದುಕಿಸಿದವರ ಸಂಖ್ಯೆಯನ್ನು ಕೇಳುವವರಿಲ್ಲ. 1985ರ ಎನ್‌ಡಿಪಿಎಸ್ ಕಾಯ್ದೆಯ 64ಎ ಕಲಮು, ಸೇವನೆ ಅಥವಾ ಅಲ್ಪ ಪ್ರಮಾಣದ ಆರೋಪವಿರುವ ವ್ಯಸನಿಯು ಸ್ವಇಚ್ಛೆಯಿಂದ ಮಾನ್ಯ ಸಂಸ್ಥೆಯಲ್ಲಿ ಚಿಕಿತ್ಸೆ ಪಡೆದರೆ ಮೊಕದ್ದಮೆಯಿಂದ ರಕ್ಷಣೆ ಕೊಡುತ್ತದೆ. ಆದರೆ ಆ ರಾತ್ರಿ ಕರೆ ಮಾಡಿದ ಜತೆಗಾರನಿಗೆ ರಕ್ಷಣೆಯೆಲ್ಲಿ? ರಸ್ತೆ ಅಪಘಾತದಲ್ಲಿ ನೆರವಾದವನನ್ನು ಮೋಟಾರು ವಾಹನ ಕಾಯ್ದೆಯ 134ಎ ಕಲಮು ಕಾಪಾಡುತ್ತದೆ. ಅಂಥದೇ ಕಲಮು ಇಲ್ಲಿಯೂ ಬೇಕೆಂದು, ನಲೋಕ್ಸೋನ್ ಜನರ ಕೈಗೆಟುಕಬೇಕೆಂದು ಮತ ಕೇಳಲು ಬರುವವರೆದುರು ನಾವು ಕೇಳಿದ್ದೇವೆಯೆ? ನಮ್ಮ ಮನವಿಪತ್ರಗಳೆಲ್ಲ ಮೀಸಲಾತಿ, ಅನುದಾನಗಳಿಗೇ ಮುಗಿಯುತ್ತವೆ.

ನಮ್ಮ ಟ್ರಸ್ಟ್‌ಗಳ ಲೆಕ್ಕಪತ್ರ ನೋಡಿದ್ದೇನೆ. ಕಮಾನಿಗೆ, ಶಾಮಿಯಾನಕ್ಕೆ, ಸನ್ಮಾನದ ಶಾಲಿಗೆ ಹಣವಿದೆ. ಚತುರ್ವಿಧ ದಾನಗಳಲ್ಲಿ ಔಷಧದಾನವು ವರ್ಷಕ್ಕೊಂದು ಕಣ್ಣಿನ ಶಿಬಿರಕ್ಕೆ ತೀರುತ್ತದೆ. ಅಭಯದಾನದ ಖಾತೆಯೇ ಇಲ್ಲ. "ಹೇಳಿಕೊಂಡರೆ ನಿನ್ನನ್ನು ದೂರ ಮಾಡೆವು" ಎಂಬ ಮಾತಿಗಿಂತ ದೊಡ್ಡ ಅಭಯ ಈ ಮಕ್ಕಳಿಗೆ ಯಾವುದಿದೆ?

ಬರುವ ದಶಲಕ್ಷಣ ಪರ್ವದಲ್ಲಿ ಪ್ರತಿ ಬಸದಿಯೂ ಒಂದು ಗಂಟೆಯನ್ನು ವೈದ್ಯರಿಗೆ ಬಿಟ್ಟುಕೊಡಲಿ; ಯುವಕ ಯುವತಿಯರು ಉಸಿರು ಕೊಡುವುದನ್ನು ಕಲಿಯಲಿ. ರಾಷ್ಟ್ರೀಯ ಸಹಾಯವಾಣಿ 14446, ಕೇರಳದ ವಿಮುಕ್ತಿ 14405, ಇವೆರಡೂ ಸೂಚನಾಫಲಕದಲ್ಲಿರಲಿ. ಬೆಂಗಳೂರಿನವರಿಗೆ ನಿಮ್ಹಾನ್ಸ್, ಧಾರವಾಡದವರಿಗೆ ಡಿಮ್ಹಾನ್ಸ್ ಇದೆ.

ಮತ್ತೊಂದು ರಾತ್ರಿ ಮತ್ತೊಬ್ಬ ತಂದೆಗೆ ಇಂಥದೇ ಕರೆ ಹೋದಾಗ ಅವರ ಮೊದಲ ಪ್ರಶ್ನೆ "ಉಸಿರಾಡುತ್ತಿದ್ದಾನೆಯೆ?" ಎಂದಿರಲಿ.