ಹಳೇ ಮೋಟಾರನ್ನು ಕೆತ್ತಬೇಡಿ, ಸರಿಯಾಗಿ ಕೂರಿಸಿ

ಎಂಟರಿಂದ ಹನ್ನೊಂದು ಅಡಿ ಉದ್ದದ ಪ್ಲೈವುಡ್ ದೋಣಿ. ಹಿಂದೆ 1950ರ ದಶಕದ ಔಟ್‌ಬೋರ್ಡ್ ಮೋಟಾರ್. ಒಳಗೆ ಮಂಡಿಯೂರಿ ಕೂತ ಒಬ್ಬನೇ ಚಾಲಕ. ಅಮೆರಿಕ, ಕೆನಡಾದ ಸರೋವರಗಳಲ್ಲಿ ಇಂಥ ಹಳೇ ಹೈಡ್ರೋಪ್ಲೇನ್‌ಗಳನ್ನು ರಿಪೇರಿ ಮಾಡಿ ಓಡಿಸುವ ಹುಚ್ಚು ಇವತ್ತಿಗೂ ಇದೆ. ಹುಚ್ಚಿನ ಜೊತೆ ಒಂದು ಜಗಳವೂ ಇದೆ. ವೇಗ ಬೇಕೆಂದರೆ ಎಂಜಿನ್ ಬಿಚ್ಚಿ, ಪೋರ್ಟ್ ಅಗಲ ಮಾಡಿ, ಹೆಡ್ ಕೆತ್ತಬೇಕು ಅನ್ನುತ್ತದೆ ಒಂದು ಗುಂಪು. ಹಳೆಯದನ್ನು ಮುಟ್ಟಲೇಬಾರದು, ಪಾಲಿಶ್ ಹಾಕಿ ಗೋಡೆಗೆ ನೇತುಹಾಕಬೇಕು ಅನ್ನುತ್ತದೆ ಇನ್ನೊಂದು.

ನನ್ನ ಪ್ರಕಾರ ಎರಡೂ ತಪ್ಪು. ಓಡದ ರೇಸ್ ದೋಣಿ ಬರೀ ಮರದ ತುಂಡು. ಹಾಗೆಂದು ಮತ್ತೆಲ್ಲೂ ಸಿಗದ ಹಳೇ ಎಂಜಿನ್ನನ್ನು ಅರ ಹಾಕಿ ಉಜ್ಜುವುದೂ ಜಾಣತನವಲ್ಲ. ಈ ದೋಣಿಗಳಲ್ಲಿ ವೇಗ ಅಡಗಿರುವುದು ಎಂಜಿನ್ನಿನ ಹೊಟ್ಟೆಯಲ್ಲಿ ಅಲ್ಲ, ಅದನ್ನು ಕೂರಿಸುವ ರೀತಿಯಲ್ಲಿ.

ಈ ಆಟದ ಹಿನ್ನೆಲೆಯೇ ಅದನ್ನು ಹೇಳುತ್ತದೆ. 1940ರ ದಶಕದ ಕೊನೆಗೆ ಅಮೆರಿಕನ್ ಪವರ್ ಬೋಟ್ ಅಸೋಸಿಯೇಷನ್ 'ಸ್ಟಾಕ್' ಎಂಬ ವರ್ಗ ತಂದಿತು. ಕಂಪನಿ ಮಾರುವ ಮೋಟಾರನ್ನೇ ಹಾಕಬೇಕು, ಒಳಗೆ ಮನಸ್ಸಿಗೆ ಬಂದಂತೆ ತಿದ್ದುವಂತಿಲ್ಲ. ಮರ್ಕ್ಯುರಿ ಕಂಪನಿಯ ಕೆಜಿ-7ಎಚ್ ಅಂಥದ್ದರಲ್ಲಿ ಒಂದು. 20 ಘನ ಅಂಗುಲ, ಅಂದರೆ ನಮ್ಮ ಲೆಕ್ಕದಲ್ಲಿ ಸುಮಾರು 325 ಸಿಸಿ. ನೀರು ಸೀಳುವಂತೆ ಸಪೂರ ಮಾಡಿದ 'ಕ್ವಿಕ್‌ಸಿಲ್ವರ್' ಎಂಬ ಗೇರ್‌ಕೇಸನ್ನೂ ಕಂಪನಿಯೇ ಕೊಡುತ್ತಿತ್ತು. ಎಲ್ಲರ ಹತ್ತಿರವೂ ಅದೇ ಮೋಟಾರ್ ಇದ್ದಾಗ ಗೆಲ್ಲುವವನು ಯಾರು? ಜೇಬು ದೊಡ್ಡದಿದ್ದವನಲ್ಲ, ದೋಣಿಯನ್ನು ಅರ್ಥ ಮಾಡಿಕೊಂಡವನು.

ಅರ್ಥ ಮಾಡಿಕೊಳ್ಳುವುದೇನು? ಮುಂಭಾಗದ ಎರಡು ಪಕ್ಕದಲ್ಲಿ ಸ್ಪಾನ್ಸನ್ ಎಂಬ ಉಬ್ಬುಗಳಿರುತ್ತವೆ. ವೇಗ ಹಿಡಿದಾಗ ದೋಣಿ ಆ ಎರಡು ಉಬ್ಬು ಮತ್ತು ಹಿಂಭಾಗದ ಒಂದು ತುದಿ, ಹೀಗೆ ಮೂರೇ ಕಡೆ ನೀರು ಮುಟ್ಟುತ್ತದೆ. ಉಳಿದ ಮೈ ಗಾಳಿಯ ಮೇಲೆ ತೇಲುತ್ತದೆ. 1930ರ ದಶಕದಲ್ಲಿ ನ್ಯೂಜೆರ್ಸಿಯ ವೆಂಟ್ನರ್ ಬೋಟ್ ವರ್ಕ್ಸ್‌ನ ಏಪಲ್ ತಂದೆ-ಮಗ ರೂಢಿಗೆ ತಂದ ವಿನ್ಯಾಸ ಇದು. ನೀರು ಮುಟ್ಟುವುದು ಕಡಿಮೆಯಾದಷ್ಟೂ ತಡೆ ಕಡಿಮೆ. ಆದರೆ ಹಿಡಿತವೂ ಕಡಿಮೆ. ಕೂರಿಸುವ ವಿದ್ಯೆಯೆಲ್ಲ ಈ ಎರಡರ ನಡುವಿನ ತಕ್ಕಡಿ.

ಮೊದಲು ದೋಣಿಯನ್ನು ಮಗುಚಿ ಹಾಕಿ, ತಳಕ್ಕೆ ನೇರ ಪಟ್ಟಿ ಇಟ್ಟು ನೋಡಿ. ಹಿಂಭಾಗದಲ್ಲಿ ತಳ ಒಳಕ್ಕೆ ತಗ್ಗಿದ್ದರೆ ಮೂತಿ ನೀರಿಗೆ ಒತ್ತುತ್ತದೆ. ಹೊರಗೆ ಉಬ್ಬಿದ್ದರೆ ಮೂತಿ ಎದ್ದು ಕುಣಿಯುತ್ತದೆ. ಆಮೇಲೆ ತೂಕ ಹಾಕಿ. ಹಳೇ ಪ್ಲೈವುಡ್ ನೀರು ಕುಡಿದು ಭಾರವಾಗಿರಬಹುದು. ಆ ಭಾರ ಇಳಿಸದೆ ಎಂಜಿನ್ನಿಗೆ ಬೈದು ಪ್ರಯೋಜನವಿಲ್ಲ.

ನಂತರ ಮೋಟಾರಿನ ಎತ್ತರ. ಮೇಲಕ್ಕೆತ್ತಿದಷ್ಟೂ ಗೇರ್‌ಕೇಸ್ ನೀರಿನಿಂದ ಹೊರಬರುತ್ತದೆ, ವೇಗ ಏರುತ್ತದೆ. ಅತಿಯಾದರೆ ಪ್ರೊಪೆಲ್ಲರ್ ಗಾಳಿ ಎಳೆದುಕೊಂಡು ಸುಮ್ಮನೆ ಗಿರಗಿರ ತಿರುಗುತ್ತದೆ. ತಂಪಿಗೆ ನೀರು ಹೀರುವ ತೂತು ಹೊರಗೆ ಬಂದರಂತೂ ಪಿಸ್ಟನ್ ಸುಟ್ಟಿತೆಂದೇ ಲೆಕ್ಕ. ಅದಕ್ಕೇ ಕಾಲು ಕಾಲು ಇಂಚು ಎತ್ತಬೇಕು, ಪ್ರತಿ ಸಲ ಓಡಿಸಿ ನೋಡಬೇಕು. ಓರೆಯೂ ಹೀಗೇ. ಪ್ರೊಪೆಲ್ಲರ್ ತುಸು ಹೊರಕ್ಕೆ ಚಾಚಿದರೆ ಮೂತಿ ಹಗುರಾಗುತ್ತದೆ. ಇನ್ನೂ ಚಾಚಿದರೆ ಎದುರುಗಾಳಿಗೆ ದೋಣಿ ಹಿಮ್ಮುಖವಾಗಿ ಪಲ್ಟಿ ಹೊಡೆಯುತ್ತದೆ.

ಇನ್ನು ಪ್ರೊಪೆಲ್ಲರ್. ಪಿಚ್ 9 ಇಂಚು ಎಂದರೆ, ಜಾರದೆ ಹೋದರೆ ಒಂದು ಸುತ್ತಿಗೆ 9 ಇಂಚು ಮುಂದೆ. ಪ್ರೊಪೆಲ್ಲರ್ ನಿಮಿಷಕ್ಕೆ 6000 ಸುತ್ತು ತಿರುಗಿದರೆ ಗಂಟೆಗೆ ಸುಮಾರು 82 ಕಿ.ಮೀ. ನೀರಿನಲ್ಲಿ ಶೇ. 10ರಷ್ಟು ಜಾರಿದರೆ 74. ಹಾಗಂತ ಪಿಚ್ ಏರಿಸಿದರೆ ವೇಗ ಬರುತ್ತದೆಂದು ಭಾವಿಸಬೇಡಿ. ಎಳೆಯಲಾಗದ ಎಂಜಿನ್ ಸುತ್ತನ್ನೇ ಇಳಿಸುತ್ತದೆ. ಏರಿನಲ್ಲಿ ಟಾಪ್ ಗೇರ್ ಹಾಕಿದಂತೆ. ಬಲೆ, ಮೀನು ಹೊತ್ತು ಬರುವ ನಮ್ಮ ಕರಾವಳಿಯ ನಾಡದೋಣಿಗೂ ಔಟ್‌ಬೋರ್ಡ್ ಎಂಜಿನ್ನೇ ಆಧಾರ, ಆದರೆ ಅದಕ್ಕೆ ಬೇಕಾದ್ದು ಭಾರ ಎಳೆಯುವ ಕಡಿಮೆ ಪಿಚ್. ಕೆಲಸ ಬೇರೆ, ಪ್ರೊಪೆಲ್ಲರ್ ಬೇರೆ; ಸೂತ್ರ ಒಂದೇ.

ಇದಕ್ಕೆಲ್ಲ ಬೇಕಾದ ಉಪಕರಣ ಒಂದು ನೋಟ್‌ಬುಕ್ಕು, ಒಂದು ಟ್ಯಾಕೋಮೀಟರು, ಒಂದು ಜಿಪಿಎಸ್. ಒಂದು ಸಲಕ್ಕೆ ಒಂದೇ ಬದಲಾವಣೆ. ಎತ್ತರ, ಓರೆ, ಪ್ರೊಪೆಲ್ಲರ್ ಮೂರನ್ನೂ ಒಟ್ಟಿಗೆ ಬದಲಿಸಿ ಐದು ಕಿ.ಮೀ. ಹೆಚ್ಚು ಸಿಕ್ಕರೆ, ಯಾವುದರಿಂದ ಸಿಕ್ಕಿತು ಅಂತ ದೇವರಿಗೇ ಗೊತ್ತು. ಎಡಕ್ಕೆ ಬಾಗಿ ಹೋಗುವ ತಿರುವಿನಲ್ಲಿ ಚಾಲಕನ ಮೈಭಾರವೂ ಹೊಂದಿಕೆಯ ಒಂದು ಭಾಗ. ಹಾಗಾಗಿ ಬೇರೆಯವರ ಅಳತೆ ಕಾಪಿ ಹೊಡೆದರೆ ಆಗುವುದಿಲ್ಲ. ಅವರ ತೂಕ ಅವರದು, ನಿಮ್ಮದು ನಿಮ್ಮದು.

ಎಂಜಿನ್ನಿಗೆ ಕೈ ಹಾಕಲೇಬಾರದೇ? ಹಾಕಿ, ಅದನ್ನು ಹುಟ್ಟಿದಾಗಿನ ಆರೋಗ್ಯಕ್ಕೆ ತರುವಷ್ಟು. ಪಾಯಿಂಟ್, ಕಾಯಿಲ್, ನೀರಿನ ಪಂಪ್, ಕಾರ್ಬ್ಯುರೇಟರ್ ಸರಿಪಡಿಸಿ. ಪೆಟ್ರೋಲಿಗೆ ಸಾಕಷ್ಟು ಆಯಿಲ್ ಬೆರೆಸಿ. ಸ್ಪಾರ್ಕ್ ಪ್ಲಗ್ ಬೆಳ್ಳಗೆ ಕಂಡರೆ ಇಂಧನ ಸಾಲುತ್ತಿಲ್ಲ ಎಂಬ ಎಚ್ಚರಿಕೆ ಅದು. ಅಲ್ಲಿಗೆ ನಿಲ್ಲಿಸಿ.

ಒಂದು ಕಡೆ ಮಾತ್ರ ನಾನು ಹೊಸದರ ಪರ. ಹಳೇ ಕಾಲದ ಚಿತ್ರಗಳಲ್ಲಿ ತೆಳು ಜಾಕೆಟ್ಟು, ಟೋಪಿಯಂಥ ಹೆಲ್ಮೆಟ್ಟು ಹಾಕಿದವರನ್ನು ನೋಡಿ 'ಅಸಲಿತನ ಇರಲಿ' ಅನ್ನುವವರಿದ್ದಾರೆ. ದೋಣಿ ಅಸಲಿಯಾಗಿರಲಿ, ತಲೆಗೆ ಇವತ್ತಿನ ಹೆಲ್ಮೆಟ್ಟೇ ಇರಲಿ. ಚಾಲಕ ನೀರಿಗೆ ಬಿದ್ದರೆ ಎಂಜಿನ್ ನಿಲ್ಲಿಸುವ ಹಗ್ಗದ ಸ್ವಿಚ್, ಕೈ ಬಿಟ್ಟರೆ ತಾನೇ ಇಳಿಯುವ ಥ್ರಾಟಲ್, ಗಟ್ಟಿ ಲೈಫ್ ಜಾಕೆಟ್, ದಡದಲ್ಲಿ ಕಾಯುವ ಇನ್ನೊಂದು ದೋಣಿ: ಇವಿಲ್ಲದೆ ನೀರಿಗೆ ಇಳಿಯಬಾರದು. ಚಾಲಕನಿಲ್ಲದೆ ಸುತ್ತುವ ದೋಣಿಯ ಪ್ರೊಪೆಲ್ಲರಿಗೆ ತನ್ನ ಒಡೆಯ ಯಾರೆಂದು ಗೊತ್ತಿರುವುದಿಲ್ಲ.

ಎಂಜಿನ್ ಕೆತ್ತಿಸಲು ದುಡ್ಡು ಸಾಕು. ಕೂರಿಸಲು ತಾಳ್ಮೆ ಬೇಕು. ಕೆತ್ತಿದ ಸಿಲಿಂಡರ್ ಮತ್ತೆ ತುಂಬುವುದಿಲ್ಲ. ಕಾಲಿಂಚು ಎತ್ತಿದ ಮೋಟಾರನ್ನು ಎರಡು ನಿಮಿಷದಲ್ಲಿ ಇಳಿಸಬಹುದು. ನಮ್ಮ ನಂತರದವರಿಗೂ ಈ ಮೋಟಾರುಗಳ ಸದ್ದು ಕೇಳಿಸಬೇಕೆಂದರೆ, ವಾಪಸ್ ತರಲಾಗುವ ಬದಲಾವಣೆಯನ್ನಷ್ಟೇ ಮಾಡುವುದು ಒಳ್ಳೆಯದು.