ಸ್ವಲ್ಪ ನೋವು, ತುಂಬಾ ನೋವು

ಓದುಗ ಸಹೋದರಿಯರೇ, ಇಂದು ಬೆಳಗ್ಗೆಯಿಂದ ನೀವು ಎಷ್ಟು ಬಾರಿ ‘ತುಂಬಾ’ ಎಂದಿರಿ? ಲೆಕ್ಕ ಇಟ್ಟಿರಲಾರಿರಿ. ಚಹಾ ತುಂಬಾ ಬಿಸಿ, ಮೀನಿಗೆ ತುಂಬಾ ರೇಟು, ಮಗುವಿಗೆ ತುಂಬಾ ಹಟ. ನಾನೂ ಹಾಗೆಯೇ. ಈ ಪದಕ್ಕೆ ನಾನು ಎಂದೂ ಗಮನ ಕೊಟ್ಟವಳಲ್ಲ. ಗಮನ ಕೊಡುವಂತೆ ಮಾಡಿದ್ದು ಮಲಯ ಭಾಷೆ.

2016ರಲ್ಲಿ ಮಗಳ ಚೊಚ್ಚಲ ಹೆರಿಗೆಗೆಂದು ಮಲೇಷ್ಯಾಕ್ಕೆ ಹೋಗಿದ್ದೆ. ಅಳಿಯನ ಕೆಲಸ ಅಲ್ಲಿ. ಮನೆ ಕೌಲಾಲಂಪುರದ ಪಕ್ಕದ ಶಾ ಆಲಮ್‌ನಲ್ಲಿ, ಸೆಲಾಂಗೊರ್ ರಾಜ್ಯದ ರಾಜಧಾನಿಯಲ್ಲಿ. ಪಕ್ಕದ ಮನೆಯಲ್ಲಿ ಒಬ್ಬ ಹಿರಿಯ ಮಲಯ ಹೆಂಗಸು. ಎಲ್ಲರೂ ಅವರನ್ನು ‘ಮಕ್ ಚಿಕ್’ ಎನ್ನುತ್ತಿದ್ದರು. ‘ಮಕ್’ ಎಂದರೆ ತಾಯಿ. ನಾವು ಹಿರಿಯ ಹೆಂಗಸರನ್ನು ಚಿಕ್ಕಮ್ಮ ಎಂದು ಕರೆಯುವ ಹಾಗೆ. ಅವರಿಗೆ ಕನ್ನಡ ಬಾರದು, ನನಗೆ ಮಲಯ ಬಾರದು. ಆದರೆ ಸಬರ್, ಆದಿಲ್, ವಾಜಿಬ್ ಎಂಬ ಪದಗಳು ಇಬ್ಬರಿಗೂ ಗೊತ್ತಿದ್ದವು. ಆರೋಗ್ಯಕ್ಕೆ ಉರ್ದುವಿನವರು ಸೆಹತ್ ಎಂದರೆ, ಆರೋಗ್ಯವಾಗಿರುವುದಕ್ಕೆ ಅವರು ‘ಸಿಹಾತ್’ ಎನ್ನುತ್ತಾರೆ. ಅಷ್ಟು ಸಾಕಾಯಿತು, ಮಾತು ಶುರುವಾಯಿತು.

ಮೊದಲ ದಿನವೇ ಒಂದು ತಟ್ಟೆ ಮೀನು ಸಾರು ಕಳಿಸಿದರು. ತಟ್ಟೆ ಹಿಂದಿರುಗಿಸುವಾಗ ಏನಾದರೂ ಹೇಳಬೇಕಲ್ಲ? ಮಗಳ ಪುಸ್ತಕ ತೆರೆದು ನೋಡಿದೆ. ರುಚಿ ಎಂಬುದಕ್ಕೆ ‘ಸೆದಾಪ್’. ಅದರ ಹಿಂದೆ ‘ತೆರ್ಲಾಲು’ ಸೇರಿಸಿದೆ. ಮಕ್ ಚಿಕ್ ಮುಖ ನೋಡಿ ನಕ್ಕರು. ‘ತೆರ್ಲಾಲು’ ಎಂದರೆ ಅತಿಯಾಯಿತು, ಮಿತಿ ಮೀರಿತು ಎಂಬ ಅರ್ಥ. ‘ಲಾಲು’ ಎಂದರೆ ದಾಟಿ ಹೋಗುವುದು. ಉಪ್ಪು ಹೆಚ್ಚಾದರೆ, ಖಾರ ಹೆಚ್ಚಾದರೆ, ಬೆಲೆ ಹೆಚ್ಚಾದರೆ ಆ ಪದ. ಹೊಗಳುವಾಗ ‘ಸಙಾತ್’.

ಇಲ್ಲಿ ಒಂದು ಮಾತು ಹೇಳದೆ ಇರಲಾರೆ. ನಮ್ಮ ವರ್ಣಮಾಲೆಯಲ್ಲಿ ‘ಙ’ ಎಂಬ ಒಂದು ಅಕ್ಷರವಿದೆ. ಒಂದನೇ ತರಗತಿಯಲ್ಲಿ ಕಷ್ಟಪಟ್ಟು ಕಲಿತು ಆಮೇಲೆ ಬದುಕಿಡೀ ಬಳಸದೆ ಬಿಡುತ್ತೇವೆ. ಮಲಯದಲ್ಲಿ ಆ ಬಡಪಾಯಿಗೆ ದಿನವಿಡೀ ಕೆಲಸ. ‘ಸಂಗಾತ್’ ಎಂದು ಗ ಒತ್ತಿ ಹೇಳಿದರೆ ತಪ್ಪು, ‘ಸಙಾತ್’ ಎನ್ನಬೇಕು.

ಈ ಪದಗಳಿಗೆ ಅವರ ವ್ಯಾಕರಣದಲ್ಲಿ ‘ಕಾತಾ ಪೆಂಙುವಾತ್’ ಎಂದು ಹೆಸರು. ಬಲ ಕೊಡುವ ಪದ ಎಂದರ್ಥ. ಮಲೇಷ್ಯಾದ ಶಾಲೆಗಳು ಅನುಸರಿಸುವ ‘ತಾತಾಬಹಾಸಾ ದೆವಾನ್’ ಎಂಬ ವ್ಯಾಕರಣ ಗ್ರಂಥ 1980ರ ದಶಕದಲ್ಲಿ ಹೊರಬಂದಿತು. ಅದನ್ನು ಬರೆದ ವಿದ್ವಾಂಸರಲ್ಲಿ ಮೊದಲ ಹೆಸರು ಒಬ್ಬ ಮಹಿಳೆಯದು, ಪ್ರೊಫೆಸರ್ ನಿಕ್ ಸಫಿಯಾ ಕರೀಂ. ಬಲ ಕೊಡುವ ಪದಗಳಲ್ಲಿ ಆ ಗ್ರಂಥ ಮೂರು ಬಗೆ ಗುರುತಿಸುತ್ತದೆ. ತೆರ್ಲಾಲು, ಪಾಲಿಂಗ್ (ಎಲ್ಲಕ್ಕಿಂತ ಹೆಚ್ಚು), ಅಗಾಕ್ (ಒಂದಿಷ್ಟು) ಇವು ಗುಣವಾಚಕದ ಮುಂದೆಯೇ ಬರಬೇಕು. ಸೆಕಾಲಿ, ಬೆನಾರ್ ಇವು ಹಿಂದೆಯೇ ಬರಬೇಕು. ಸಙಾತ್, ಅಮಾತ್, ಸುಂಗುಹ್ ಇವುಗಳಿಗೆ ಸ್ವಾತಂತ್ರ್ಯ, ಎರಡೂ ಕಡೆ ಕೂರಬಹುದು. ‘ಸಙಾತ್ ಬೆಸಾರ್’ ಎಂದರೂ ತುಂಬಾ ದೊಡ್ಡದು, ‘ಬೆಸಾರ್ ಸಙಾತ್’ ಎಂದರೂ ತುಂಬಾ ದೊಡ್ಡದು. ಎರಡನೆಯದು ಮನೆಮಾತಿನ ಧಾಟಿ.

ಕನ್ನಡದಲ್ಲಿ ‘ದೊಡ್ಡದು ತುಂಬಾ’ ಎಂದರೆ ವಿಚಿತ್ರವಾಗುತ್ತದೆ, ಅಲ್ಲವೇ? ನಾಲಿಗೆ ತಿರುಗಲು ನನಗೆ ಎರಡು ವಾರ ಬೇಕಾಯಿತು. ‘ಬೆನಾರ್’ ಎಂದರೆ ಮೂಲತಃ ‘ನಿಜ’. ‘ರುಚಿ ನಿಜ’ ಎಂದರೆ ಬಹಳ ರುಚಿ ಎಂದಾಯಿತು. ನಮ್ಮ ‘ತುಂಬಾ’ ಕೂಡ ತುಂಬುವುದರಿಂದಲೇ ಬಂದದ್ದಲ್ಲವೇ?

ಇನ್ನೊಂದು ತಮಾಷೆ. ಇದೇ ಸಙಾತ್‌ನ ಜೊತೆ ‘ತಾಕ್’ (ಇಲ್ಲ) ಸೇರಿದರೆ ಅರ್ಥ ಮೆತ್ತಗಾಗುತ್ತದೆ. ‘ತಾಕ್ ಪೆದಾಸ್ ಸಙಾತ್’ ಎಂದರೆ ಅಷ್ಟೇನೂ ಖಾರವಿಲ್ಲ. ಮಕ್ ಚಿಕ್ ಈ ಮಾತು ಹೇಳಿ ಬಡಿಸಿದ ಸಾಂಬಾಲ್ ಚಟ್ನಿ ತಿಂದು ನನ್ನ ಕಣ್ಣಲ್ಲಿ ನೀರು ಬಂದದ್ದು ಬೇರೆ ಮಾತು.

ಆದರೆ ನನಗೆ ಅತ್ಯಂತ ಇಷ್ಟವಾದದ್ದು ಜೋಡಿ ಪದಗಳು. ಕೆಲವು ಗುಣಗಳಿಗೆ ಅವರಲ್ಲಿ ಸ್ವಂತದ್ದೇ ಒಂದು ಬಾಲವಿದೆ, ಅದು ಬೇರೆ ಪದಕ್ಕೆ ಅಂಟುವುದಿಲ್ಲ. ಕತ್ತಲೆ ‘ಗೆಲಾಪ್’, ಏನೂ ಕಾಣದ ಕಗ್ಗತ್ತಲೆ ‘ಗೆಲಾಪ್ ಗೆಲಿತಾ’. ಒದ್ದೆ ‘ಬಾಸಾಹ್’, ಮಳೆಯಲ್ಲಿ ನೆನೆದು ತೊಪ್ಪೆಯಾದರೆ ‘ಬಾಸಾಹ್ ಕುಯುಪ್’. ಒಣಗಿ ಬಿರುಕುಬಿಟ್ಟ ಕೆರೆ ‘ಕೆರಿಂಗ್ ಕೊಂತಾಂಗ್’. ವಿನೆಗರ್‌ಗೆ ‘ಚುಕಾ’ ಎನ್ನುತ್ತಾರೆ. ಮುಖ ಹುಳ್ಳಗೆ ಮಾಡಿಕೊಂಡು ಕೂತವರಿಗೆ ‘ಮಾಸಾಮ್ ಮೆಂಚುಕಾ’. ನಮ್ಮಲ್ಲೂ ಇಂಥವು ಕಡಿಮೆಯೇನಲ್ಲ. ಕಗ್ಗತ್ತಲೆ, ಕಡುಗಪ್ಪು, ಅಚ್ಚಬಿಳಿ, ನಟ್ಟನಡು, ತುತ್ತತುದಿ, ಮೊತ್ತಮೊದಲು. ನಮ್ಮ ಮಕ್ಕಳು ಇವನ್ನೆಲ್ಲ ಬಿಟ್ಟು ‘ಸೂಪರ್’ ಒಂದರಲ್ಲೇ ಮುಗಿಸುತ್ತಾರೆ. ಅಲ್ಲಿನ ಹುಡುಗರಿಗೆ ‘ಗಿಲಾ’ ಎಂಬ ಪದ ಸಿಕ್ಕಿದೆ. ಹುಚ್ಚು ಎಂದರ್ಥ. ‘ಸೆದಾಪ್ ಗಿಲಾ’, ಹುಚ್ಚು ಹಿಡಿಸುವ ರುಚಿ! ಮಕ್ ಚಿಕ್‌ಗೆ ಅದು ಸೇರುತ್ತಿರಲಿಲ್ಲ.

ಮೈಬಣ್ಣದ ಪದಗಳು ಬಂದಾಗ ಮಾತ್ರ ನಾನು ನಗಲಿಲ್ಲ. ಅತಿ ಬಿಳಿಗೆ ‘ಪುತಿಹ್ ಮೆಲೆಪಾಕ್’, ಕಡುಗಪ್ಪಿಗೆ ‘ಹಿತಾಮ್ ಲೆಗಾಮ್’. ಚೆಲುವೆಯ ಬಣ್ಣಕ್ಕೆ ‘ಕುನಿಂಗ್ ಲಾಂಗ್ಸಾತ್’, ಲಾಂಗ್ಸಾತ್ ಎಂಬ ಹಣ್ಣಿನ ತಿಳಿಹಳದಿ. ಕಪ್ಪು ಹುಡುಗಿಯನ್ನು ಮೆಚ್ಚುವಾಗ ‘ಹಿತಾಮ್ ಮಾನಿಸ್’, ಸಿಹಿಗಪ್ಪು. ಹೆಣ್ಣು ನೋಡಲು ಬಂದವರ ಮುಂದೆ ನಾವು ಗೋಧಿ ಬಣ್ಣ, ಎಣ್ಣೆಗೆಂಪು ಎಂದು ಹುಡುಕಿ ಹುಡುಕಿ ಪದ ಜೋಡಿಸುವುದಿಲ್ಲವೇ? ಸಮುದ್ರದಾಚೆಯೂ ಹೆಣ್ಣುಮಕ್ಕಳ ಚರ್ಮವನ್ನು ಅಳೆಯಲು ಇಷ್ಟೊಂದು ಪದಗಳಿವೆ. ಬೇಸರವೇ ಆಯಿತು.

ಕಡಿಮೆ ಮಾಡುವ ಪದಗಳೂ ಇವೆ. ‘ಕುರಾಂಗ್’ ಎಂದರೆ ಕೊರತೆ. ಅಲ್ಲಿನ ಹೋಟೆಲಿನಲ್ಲಿ ‘ಕುರಾಂಗ್ ಮಾನಿಸ್’ ಎಂದರೆ ಸಕ್ಕರೆ ಕಡಿಮೆ ಹಾಕಿದ ಚಹಾ ಸಿಗುತ್ತದೆ. ನನ್ನಂತಹ ಶುಗರ್ ಇರುವವರು ಮೊದಲು ಕಲಿಯಬೇಕಾದ ಮಾತು. ಚೆನ್ನಾಗಿಲ್ಲ ಎಂದು ಮುಖಕ್ಕೆ ಹೇಳುವ ಬದಲು ‘ಚೆನ್ನಾಗಿರುವುದು ಕಡಿಮೆ’ ಎನ್ನುತ್ತಾರೆ. ಹುಷಾರಿಲ್ಲದಿದ್ದರೆ ‘ಕುರಾಂಗ್ ಸಿಹಾತ್’. ಬಹಳ ನಯ. ಆದರೆ ‘ಕುರಾಂಗ್ ಆಜಾರ್’ ಎಂದು ಮಾತ್ರ ಯಾರಿಗೂ ಹೇಳಬೇಡಿ. ಕಲಿಸಿದ್ದು ಕಡಿಮೆ ಎಂದು ಅಕ್ಷರಾರ್ಥ. ಅದು ತಂದೆತಾಯಿಯ ತನಕ ಮುಟ್ಟುವ ಬೈಗುಳ.

ಈ ನಯವೇ ನಮ್ಮ ಮನೆಗೆ ಕುತ್ತು ತಂದಿತ್ತು.

ಹೆರಿಗೆಯಾಗಿ ಒಂಬತ್ತನೆಯ ದಿನ. ಮಲಯ ಬಾಣಂತಿಯರಿಗೆ ‘ಪಾಂತಾಂಗ್’ ಎಂಬ ಪಥ್ಯವಿದೆ, 44 ದಿನ. ನಮ್ಮ ನಲವತ್ತರ ಹಾಗೆಯೇ. ನಾನೂ ಮಗಳನ್ನು ಹಾಸಿಗೆಯಿಂದ ಹೆಚ್ಚು ಏಳಲು ಬಿಡುತ್ತಿರಲಿಲ್ಲ. ಅವಳ ಎಡಗಾಲಿನ ಮೀನಖಂಡ ನೋಯುತ್ತಿತ್ತು. ಮಲಗಿ ಮಲಗಿ ಕಾಲು ಹಿಡಿದಿರಬೇಕೆಂದು ಎಣ್ಣೆ ಹಚ್ಚಿದೆ. ಮರುದಿನ ನರ್ಸ್ ಮನೆಗೆ ಬಂದರು. ಮಗುವನ್ನು ತೂಗಿ ನೋಡಿ ಆಮೇಲೆ ಮಗಳನ್ನು, ಎಲ್ಲಾದರೂ ‘ಸಾಕಿತ್’ (ನೋವು) ಇದೆಯೇ ಎಂದು ಕೇಳಿದರು. ನಾಲ್ಕು ವರ್ಷ ಅಲ್ಲಿದ್ದ ಮಗಳಿಗೆ ಮಲಯ ಚೆನ್ನಾಗಿಯೇ ಬರುತ್ತಿತ್ತು. ಕಾಲು ತೋರಿಸಿ ನಗುತ್ತಾ, ‘ಸಾಕಿತ್ ಸಿಕಿತ್’ ಎಂದಳು. ‘ಸಿಕಿತ್’ ಎಂದರೆ ಸ್ವಲ್ಪ. ನರ್ಸ್ ತಲೆಯಾಡಿಸಿ ಬರೆದುಕೊಂಡರು, ಚೀಲ ಮುಚ್ಚಿದರು.

ಆಗ ಬಾಗಿಲಲ್ಲಿ ನಿಂತಿದ್ದ ಮಕ್ ಚಿಕ್ ಒಳಗೆ ಬಂದರು. ಅವರದ್ದು ನಮ್ಮದು ಒಂದೇ ಗೋಡೆ. ರಾತ್ರಿಯಿಡೀ ಹುಡುಗಿ ನರಳಿದ್ದು ಅವರಿಗೆ ಕೇಳಿಸಿತ್ತು. ‘ಸಿಕಿತ್ ಅಲ್ಲ, ಸಾಕಿತ್ ಸಙಾತ್’ ಎಂದರು. ‘ಸಙಾತ್’ ಎಂಬುದನ್ನು ಎರಡು ಸಲ ಒತ್ತಿ ಹೇಳಿದರು. ನರ್ಸ್ ಮತ್ತೆ ಕುಳಿತರು. ಎರಡೂ ಕಾಲುಗಳನ್ನು ಜೋಡಿಸಿ ನೋಡಿದರು. ಎಡಗಾಲು ಊದಿತ್ತು, ಮುಟ್ಟಿದರೆ ಬೆಚ್ಚಗಿತ್ತು. ನಾನು ಎರಡು ದಿನ ಎಣ್ಣೆ ಹಚ್ಚಿದವಳು ಅದನ್ನು ಗಮನಿಸಿರಲಿಲ್ಲ! ಇನ್ನು ತಿಕ್ಕಬೇಡಿ ಎಂದು ನನಗೆ ಹೇಳಿ, ಕೂಡಲೇ ಆಸ್ಪತ್ರೆಗೆ ಕಳಿಸಿದರು. ಸ್ಕ್ಯಾನ್ ಮಾಡಿದಾಗ ಒಳಗಿನ ರಕ್ತನಾಳದಲ್ಲಿ ರಕ್ತ ಹೆಪ್ಪುಗಟ್ಟಿದ್ದು ತಿಳಿಯಿತು.

ಗರ್ಭಿಣಿಯರಲ್ಲಿ ಮತ್ತು ಹೆರಿಗೆಯ ನಂತರದ ಕೆಲವು ವಾರಗಳಲ್ಲಿ ಈ ಅಪಾಯ ಹೆಚ್ಚೆಂದು ವೈದ್ಯರು ವಿವರಿಸಿದರು. ಅಲುಗಾಡದೆ ಮಲಗಿದ್ದರೆ ಇನ್ನಷ್ಟು. ಆ ಗಡ್ಡೆ ಕಳಚಿಕೊಂಡು ಶ್ವಾಸಕೋಶಕ್ಕೆ ಹೋದರೆ ಜೀವಕ್ಕೇ ಸಂಚಕಾರ. ಒಂದೇ ಕಾಲು ಊದಿಕೊಂಡು, ಬಿಸಿಯಾಗಿ, ನೋಯುತ್ತಿದ್ದರೆ ಕಾಯಬಾರದು, ಉಸಿರು ಸಿಕ್ಕಿಕೊಂಡರೆ ಒಂದು ಗಳಿಗೆಯೂ ತಡಮಾಡಬಾರದು. ನಿಮ್ಮ ಮನೆಯಲ್ಲಿ ಬಾಣಂತಿಯಿದ್ದರೆ ಇದನ್ನು ನೆನಪಿಟ್ಟುಕೊಳ್ಳಿ. ಹೊಟ್ಟೆಯ ಚರ್ಮಕ್ಕೆ ಚುಚ್ಚುಮದ್ದು, ಆಮೇಲೆ ಕೆಲವು ತಿಂಗಳು ಮಾತ್ರೆ. ಮಗಳು ಗುಣವಾದಳು, ಅಲ್‌ಹಮ್ದುಲಿಲ್ಲಾಹ್.

ಆಸ್ಪತ್ರೆಯ ಮಂಚದ ಬಳಿ ಕುಳಿತು ಅವಳನ್ನು ಗದರಿದೆ. “ಅಷ್ಟು ನೋವಿದ್ದರೆ ಹೇಳಬಾರದಿತ್ತೇ? ‘ಸಙಾತ್’ ಎಂಬ ಪದ ನಿನಗೆ ಗೊತ್ತಿರಲಿಲ್ಲವೇ?”

“ಗೊತ್ತಿತ್ತು ಉಮ್ಮ,” ಎಂದಳು. “ಚಿಕ್ಕವಳಿದ್ದಾಗ ಹೊಟ್ಟೆನೋವೆಂದು ಅತ್ತರೆ, ಹುಡುಗಿಯರು ಹಾಗೆಲ್ಲ ಕೂಗಬಾರದು, ಸಬರ್ ಮಾಡು ಎನ್ನುತ್ತಿದ್ದಿರಿ.”

ನನ್ನ ಬಳಿ ಉತ್ತರವಿರಲಿಲ್ಲ. ‘ಸಿಕಿತ್’ ಎಂಬ ಪದವನ್ನು ಅವಳು ಪುಸ್ತಕದಿಂದ ಕಲಿತಿರಬಹುದು, ಅದನ್ನು ಎಲ್ಲಿ ಬಳಸಬೇಕೆಂದು ಕಲಿಸಿದವಳು ನಾನು. ನನಗೆ ಅದನ್ನು ಕಲಿಸಿದ್ದು ನನ್ನ ಉಮ್ಮ. ಮೀನು ಸಾರಿಗೆ, ಸೀರೆಯ ಅಂಚಿಗೆ, ಬೇರೆಯವರ ಮಕ್ಕಳ ಅಂಕಗಳಿಗೆ ‘ತುಂಬಾ’ ಎನ್ನಲು ನಮಗೆ ಒಂದಿಷ್ಟೂ ಸಂಕೋಚವಿಲ್ಲ. ನಮ್ಮದೇ ನೋವಿಗೆ ಮಾತ್ರ ಸ್ವಲ್ಪ, ಪರವಾಗಿಲ್ಲ, ಹೀಗೇ ಒಂದಿಷ್ಟು.

ಊರಿಗೆ ಹೊರಡುವ ದಿನ ಮಕ್ ಚಿಕ್‌ಗೆ ಏನು ಹೇಳಲಿ ಎಂದು ಮಗಳನ್ನು ಕೇಳಿದೆ. ‘ತೆರಿಮಾ ಕಾಸಿಹ್ ಬಾನ್ಯಾಕ್-ಬಾನ್ಯಾಕ್’ ಎನ್ನಲು ಹೇಳಿಕೊಟ್ಟಳು. ಬಾನ್ಯಾಕ್ ಎಂದರೆ ಬಹಳ, ಅದನ್ನು ಎರಡು ಸಲ ಹೇಳಬೇಕು. ನಾನು ಮೂರು ಸಲ ಹೇಳಿದೆ. ವ್ಯಾಕರಣ ತಪ್ಪಿದ್ದರೆ ಇರಲಿ.

ಈಗಲೂ ಫೋನಿನಲ್ಲಿ ಕಾಲು ಹೇಗಿದೆ ಎಂದು ಕೇಳುತ್ತೇನೆ. ಹೆಚ್ಚು ಹೊತ್ತು ನಿಂತರೆ ಸ್ವಲ್ಪ ಊದುತ್ತದೆ ಎನ್ನುತ್ತಾಳೆ. ಸ್ವಲ್ಪ ಎಂದರೆ ಸಿಕಿತ್ತೋ ಸಙಾತ್ತೋ, ಸರಿಯಾಗಿ ಹೇಳು ಎನ್ನುತ್ತೇನೆ. ಕಳೆದ ವಾರ ನಕ್ಕು, “ಅಗಾಕ್, ಉಮ್ಮ, ಅಗಾಕ್” ಎಂದಳು.