ಗಣಕದ ಲಯವನ್ನು ತ್ವರೆಗೊಳಿಸುವ ಬಗೆಗಳು

ಮನೆಗೆ ಕಂಪ್ಯೂಟರು ಬಂದು ನಾಲ್ಕಾರು ವರ್ಷಗಳಾದ ಮೇಲೆ ಮಕ್ಕಳು ಒಂದು ಮಾತನ್ನು ಆಡುವುದುಂಟು: "ಹೊಸದು ಬೇಡ, ಇದನ್ನೇ ಓವರ್‌ಕ್ಲಾಕ್ ಮಾಡಿದರಾಯಿತು." ಹಣ ಉಳಿಯುವುದೆಂದು ಕೆಲವು ತಂದೆತಾಯಿಗಳು ಕೂಡಲೇ ಒಪ್ಪುತ್ತಾರೆ, ಯಂತ್ರ ಸುಟ್ಟುಹೋದೀತೆಂದು ಕೆಲವರು ಗದರುತ್ತಾರೆ. ವಿಷಯವೇನೆಂದು ಅರಿಯದೆ ಮಾಡುವ ಇವೆರಡನ್ನೂ ನಾವು ಒಪ್ಪಲಾರೆವು.

ಭಜನೆಯಲ್ಲಿ ತಾಳ ಹಿಡಿದವರ ಲಯಕ್ಕೆ ಉಳಿದವರೆಲ್ಲ ಹಾಡುವಂತೆ, ಪ್ರೊಸೆಸರ್ ಒಂದು ವಿದ್ಯುತ್ ಲಯಕ್ಕೆ ಅನುಸಾರವಾಗಿ ಕೆಲಸ ಮಾಡುತ್ತದೆ. ಮದರ್‌ಬೋರ್ಡಿನಿಂದ ಮೂಲ ಲಯವೊಂದು ಹೊರಡುತ್ತದೆ. ಪ್ರೊಸೆಸರ್ ಅದನ್ನು ನಿಗದಿತ ಗುಣಕದಿಂದ ಗುಣಿಸಿಕೊಂಡು ತನ್ನ ವೇಗವನ್ನು ಪಡೆಯುತ್ತದೆ. ಆದುದರಿಂದ ವೇಗವನ್ನು ಹೆಚ್ಚಿಸಲು ಮೂಲ ಲಯವನ್ನು ಏರಿಸಬೇಕು, ಇಲ್ಲವೇ ಗುಣಕವನ್ನು ಏರಿಸಬೇಕು.

ಮೊದಲನೆಯ ಮಾರ್ಗಕ್ಕೆ ಪ್ರಸಿದ್ಧವಾದ ಉದಾಹರಣೆಯೆಂದರೆ ಇಂಟೆಲ್ ಸಂಸ್ಥೆಯು ೧೯೯೮ರ ಆಗಸ್ಟಿನಲ್ಲಿ ಬಿಡುಗಡೆ ಮಾಡಿದ ಸೆಲೆರಾನ್ ೩೦೦ಎ. ಅದರ ಮೂಲ ಲಯ ೬೬ ಮೆಗಾಹರ್ಟ್ಸ್, ಗುಣಕ ನಾಲ್ಕೂವರೆ. ಒಟ್ಟು ವೇಗ ೩೦೦ ಮೆಗಾಹರ್ಟ್ಸ್. ಮೂಲ ಲಯವನ್ನು ೧೦೦ಕ್ಕೆ ಏರಿಸಿದರೆ ಅದೇ ಚಿಪ್ಪು ೪೫೦ ಮೆಗಾಹರ್ಟ್ಸ್‌ನಲ್ಲಿ ಓಡುತ್ತಿತ್ತು. ಅದೇ ದಿನಗಳಲ್ಲಿ ಬಂದ ೪೫೦ ಮೆಗಾಹರ್ಟ್ಸ್ ಪೆಂಟಿಯಂ-೨ರ ಬೆಲೆ ಸೆಲೆರಾನಿನ ನಾಲ್ಕು ಪಟ್ಟಿಗಿಂತಲೂ ಹೆಚ್ಚು! ಇದು ಸಾಧ್ಯವಾದುದರಲ್ಲಿ ಮಾಯೆಯೇನಿಲ್ಲ. ಎರಡೂ ೦.೨೫ ಮೈಕ್ರಾನ್ ತಂತ್ರದಿಂದ ತಯಾರಾದವು. ಸೆಲೆರಾನಿನ ೧೨೮ ಕಿಲೋಬೈಟ್ ಕ್ಯಾಶ್ ಸ್ಮೃತಿ ಚಿಕ್ಕದಾದರೂ ಚಿಪ್ಪಿನೊಳಗೇ ಇದ್ದು ಪೂರ್ಣ ವೇಗದಲ್ಲಿ ನಡೆಯುತ್ತಿತ್ತು. ವೇಗದ ಹಣೆಪಟ್ಟಿಯನ್ನು ಚಿಪ್ಪಿನ ಶಕ್ತಿಯೊಂದೇ ನಿರ್ಣಯಿಸುವುದಿಲ್ಲ, ಮಾರುಕಟ್ಟೆಯೂ ನಿರ್ಣಯಿಸುತ್ತದೆಂಬುದು ಗ್ರಾಹಕರಿಗೆ ಆಗ ಚೆನ್ನಾಗಿ ಮನದಟ್ಟಾಯಿತು. ಲಯವನ್ನು ತಾನಾಗಿಯೇ ನಿಗದಿಪಡಿಸುವ ಬೋರ್ಡುಗಳನ್ನು ಒಲಿಸಲು ಕೆಲವರು ಒಂದು ಸಂಪರ್ಕದ ಮೇಲೆ ಅಂಟುಪಟ್ಟಿಯ ಚೂರನ್ನು ಹಚ್ಚುತ್ತಿದ್ದರು.

ಇಲ್ಲೊಂದು ಸೂಕ್ಷ್ಮವಿದೆ. ಮೂಲ ಲಯ ಏರಿದಾಗ ಪ್ರೊಸೆಸರ್ ಮಾತ್ರವಲ್ಲ, ಅದಕ್ಕೆ ಹೊಂದಿಕೊಂಡ ಉಳಿದ ಭಾಗಗಳೂ ತ್ವರೆಗೊಳ್ಳುತ್ತವೆ. ಹಾರ್ಡ್ ಡಿಸ್ಕಿನ ನಿಯಂತ್ರಕ ಮುಂತಾದುವು ಕುಳಿತಿದ್ದ ಪಿಸಿಐ ಮಾರ್ಗದ ವೇಗ ೩೩ ಮೆಗಾಹರ್ಟ್ಸ್ ಇರಬೇಕು. ಮೂಲ ಲಯವನ್ನು ೮೩ಕ್ಕೆ ಇರಿಸಿದರೆ ಅದರ ಅರ್ಧವೆಂದು ಪಿಸಿಐ ೪೧ನ್ನು ಮೀರಿ ಓಡಿ, ಡಿಸ್ಕಿನಲ್ಲಿದ್ದ ಕಡತಗಳು ಕೆಡುವ ಸಂಭವವಿತ್ತು. ೧೦೦ಕ್ಕೆ ಇರಿಸಿದರೋ, ಬೋರ್ಡು ಮೂರರಿಂದ ಭಾಗಿಸಿ ಮತ್ತೆ ೩೩ಕ್ಕೇ ತರುತ್ತಿತ್ತು. ಹೀಗಾಗಿ ಹೆಚ್ಚಿನ ಏರಿಕೆಯೇ ಕಡತಗಳ ಮಟ್ಟಿಗೆ ಕ್ಷೇಮಕರವಾಗಿತ್ತು. ಅಂಜುತ್ತಾ ಅಲ್ಪವೇ ಏರಿಸಿದವರಿಗೆ ಅಪಾಯ ಕಾದಿತ್ತು.

ಗುಣಕವನ್ನು ಏರಿಸುವುದರಲ್ಲಿ ಈ ತೊಡಕಿಲ್ಲ. ಆದರೆ ಕಡಿಮೆ ವೇಗದ ಚಿಪ್ಪುಗಳಿಗೆ ಹೆಚ್ಚಿನ ವೇಗದ ಗುರುತು ಒತ್ತಿ ಮಾರುವ ವಂಚಕ ವ್ಯಾಪಾರಿಗಳು ಹುಟ್ಟಿಕೊಂಡಿದ್ದರು. ಮುಂದೆ ತಯಾರಕರು ಗುಣಕಕ್ಕೆ ಬೀಗ ಹಾಕಿದರು. ೨೦೦೦ದಲ್ಲಿ ಬಂದ ಎಎಂಡಿ ಸಂಸ್ಥೆಯ ಡ್ಯೂರಾನ್ ಚಿಪ್ಪಿನ ಮೇಲಿನ ಕಡಿದ ಬಿಂದುಗಳನ್ನು ಸೀಸದ ಕಡ್ಡಿಯಿಂದ ಗೀಚಿ ಜೋಡಿಸಿ, ಆ ಬೀಗವನ್ನು ತೆರೆದವರುಂಟು. ಪೆನ್ಸಿಲ್ಲಿನೊಳಗಿನ ಗ್ರಾಫೈಟ್ ವಿದ್ಯುತ್ ವಾಹಕವಷ್ಟೆ! ಇಂಟೆಲ್ ೨೦೧೦ರಿಂದ 'ಕೆ' ಅಕ್ಷರವುಳ್ಳ ಚಿಪ್ಪುಗಳಲ್ಲಿ ಬೀಗವನ್ನು ತಾನೇ ತೆಗೆದು, ಅದಕ್ಕೆ ಹೆಚ್ಚಿನ ಬೆಲೆ ಪಡೆಯತೊಡಗಿತು.

ಏರಿಸಿದ ವೇಗದಲ್ಲಿ ಚಿಪ್ಪು ತಡವರಿಸಿದರೆ ಅದಕ್ಕೆ ಕೊಡುವ ವೋಲ್ಟೇಜನ್ನು ಹೆಚ್ಚಿಸುತ್ತಾರೆ. ನಾವು ಹೆದರಬೇಕಾದುದು ಇಲ್ಲಿ. ಶಾಖವು ವೇಗದ ಪ್ರಮಾಣದಲ್ಲಿ ಏರಿದರೆ, ವೋಲ್ಟೇಜಿನ ವರ್ಗದ ಪ್ರಮಾಣದಲ್ಲಿ ಏರುತ್ತದೆ. ಎರಡನ್ನೂ ನೂರಕ್ಕೆ ಹತ್ತರಷ್ಟು ಹೆಚ್ಚಿಸಿದರೆ ಶಾಖ ಸುಮಾರು ಮೂವತ್ತಮೂರರಷ್ಟು ಹೆಚ್ಚೀತು. ವೈಶಾಖದ ಕಲಬುರಗಿ, ರಾಯಚೂರುಗಳಲ್ಲಿ ಗಾಳಿಯೇ ೪೦ ಡಿಗ್ರಿ ದಾಟಿರುವಾಗ, ಧೂಳು ತುಂಬಿದ ಪುಟ್ಟ ಫ್ಯಾನು ಏನು ಮಾಡೀತು? ಮಿತಿಮೀರಿದ ವೋಲ್ಟೇಜು ಚಿಪ್ಪಿನ ಆಯುಷ್ಯವನ್ನೂ ತಿನ್ನುತ್ತದೆ. ಇಂಟೆಲ್‌ನ ೧೩ ಮತ್ತು ೧೪ನೆಯ ತಲೆಮಾರಿನ ಹಲವು ಡೆಸ್ಕ್‌ಟಾಪ್ ಪ್ರೊಸೆಸರುಗಳು ಕಾರ್ಖಾನೆಯ ಸೂಚನೆಯಂತೆಯೇ ಅಗತ್ಯಕ್ಕಿಂತ ಹೆಚ್ಚು ವೋಲ್ಟೇಜನ್ನು ಬೇಡಿ ಅಸ್ಥಿರವಾದುದರಿಂದ, ಆ ಸಂಸ್ಥೆಯು ೨೦೨೪ರಲ್ಲಿ ವಾರಂಟಿಯನ್ನು ಎರಡು ವರ್ಷ ವಿಸ್ತರಿಸಬೇಕಾಯಿತು. ಕೆಟ್ಟುಹೋದ ಚಿಪ್ಪನ್ನು ತಿದ್ದುಪಡಿಯ ಸಾಫ್ಟ್‌ವೇರ್ ಸರಿಪಡಿಸದು. ತಯಾರಕರ ಗತಿಯೇ ಹೀಗಾದರೆ ಅಂದಾಜಿನಿಂದ ಏರಿಸುವ ಹುಡುಗರ ಗತಿಯೇನು?

ಚಿಪ್ಪು ಸುಟ್ಟುಹೋಗುವುದು ವಿರಳ. ಬಹಳ ಬಿಸಿಯಾದರೆ ಇಂದಿನ ಚಿಪ್ಪುಗಳು ತಾವೇ ನಿಧಾನಿಸುತ್ತವೆ, ಇಲ್ಲವೇ ನಿಂತುಬಿಡುತ್ತವೆ. ಸದ್ದಿಲ್ಲದೆ ತಪ್ಪು ಲೆಕ್ಕ ಮಾಡುವುದು ಅದಕ್ಕಿಂತ ಕೆಟ್ಟದ್ದು. ಆಟವಾಡುವಾಗ ಅದು ಕಾಣದೆಯೇ ಹೋಗಬಹುದು. ಅಂಗಡಿಯ ಲೆಕ್ಕಪತ್ರ, ಮಗಳ ಪ್ರಬಂಧ, ಮದುವೆಯ ಚಿತ್ರಗಳಿರುವ ಯಂತ್ರದಲ್ಲಿ ಅದು ಹಾನಿಯೇ ಸರಿ. ಅಂಥ ಯಂತ್ರವನ್ನು ಮುಟ್ಟಲು ಬಿಡಬೇಡಿರೆಂದೇ ನಮ್ಮ ಬಿನ್ನಹ. ಅಲ್ಲದೆ ಇಂದಿನ ಪ್ರೊಸೆಸರುಗಳು ಅವಕಾಶವಿದ್ದಷ್ಟು ವೇಗವನ್ನು ತಾವೇ ಏರಿಸಿಕೊಳ್ಳುವುದರಿಂದ ೩೦೦ಎ ಕೊಟ್ಟಂಥ ಲಾಭ ಇಂದು ದೊರೆಯದು. ಅದೇ ಹಣದಲ್ಲಿ ಹಾರ್ಡ್ ಡಿಸ್ಕಿನ ಬದಲು ಎಸ್‌ಎಸ್‌ಡಿ ಹಾಕಿಸಿದರೆ ಹಳೆಯ ಯಂತ್ರ ಹೆಚ್ಚು ಚುರುಕಾದೀತು.

ಮೂಲೆಗೆ ಸೇರಿದ ಹಳೆಯ ಯಂತ್ರವಿದ್ದರೆ ಮಕ್ಕಳು ಅದರಲ್ಲಿ ಕಲಿಯಲಿ. ಒಂದೊಂದೇ ಹೆಜ್ಜೆ ಏರಿಸಿ, ಪ್ರತಿ ಏರಿಕೆಯನ್ನೂ ಶಾಖವನ್ನೂ ನೋಟುಪುಸ್ತಕದಲ್ಲಿ ಬರೆದು, ಪ್ರೈಮ್೯೫ ಎಂಬ ಗಣಿತದ ತಂತ್ರಾಂಶವನ್ನು ರಾತ್ರಿಯಿಡೀ ಓಡಿಸಿ ತಪ್ಪು ಬರುವುದೇ ಎಂದು ನೋಡಲಿ. ಯಂತ್ರ ಏಳದಿದ್ದರೆ ಗಾಬರಿ ಬೇಡ. ವಿದ್ಯುತ್ ತಂತಿಯನ್ನು ಕಳಚಿ, ಬೋರ್ಡಿನ ಮೇಲಿನ ನಾಣ್ಯದಂಥ ಬ್ಯಾಟರಿಯನ್ನು ಕೆಲವು ನಿಮಿಷ ಹೊರತೆಗೆದು ಮತ್ತೆ ಇಟ್ಟರೆ ಸಾಮಾನ್ಯವಾಗಿ ಮೊದಲಿನ ವೇಗಕ್ಕೇ ಮರಳುತ್ತದೆ.